ಕಂಪ್ಯೂಟರು ಏಳದಿದ್ದಾಗ ಒಳಗಿನ ಲೆಕ್ಕ ಹೊರತೆಗೆಯುವುದು



ಕಳೆದ ಕೃತ್ತಿಕಾ ಮಳೆಯಲ್ಲಿ ಒಂದು ಸಂಜೆ ನಮ್ಮೂರ ಸುತ್ತ ಬಿದ್ದ ಸಿಡಿಲು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮರುದಿನ ಬೆಳಿಗ್ಗೆ ಸಂಘದ ಕಚೇರಿಯ ಕಂಪ್ಯೂಟರಿನ ಗುಂಡಿ ಒತ್ತಿದರೆ ದೀಪವೂ ಇಲ್ಲ, ಫ್ಯಾನಿನ ಸದ್ದೂ ಇಲ್ಲ. ಲೆಕ್ಕ ಪರಿಶೋಧಕರು ಬರುವುದಕ್ಕೆ 11 ದಿನ ಉಳಿದಿತ್ತು. ಸದಸ್ಯವಾರು ಅಡಿಕೆ ಆವಕ, ಕಾಫಿಯ ಮುಂಗಡ, ಬೆಳೆಸಾಲದ ಬಾಕಿ, ಗೊಬ್ಬರ ಮತ್ತು ಮೈಲುತುತ್ತದ ಉದ್ರಿ ಎಲ್ಲವೂ ಅದರ ಹೊಟ್ಟೆಯಲ್ಲಿತ್ತು. ಪೆನ್ ಡ್ರೈವಿಗೆ ನಕಲು ಹಾಕಿಟ್ಟಿದ್ದು 17 ದಿನ ಹಿಂದೆ. ಅದೂ ಅದೇ ಮೇಜಿನ ಡ್ರಾಯರಿನಲ್ಲಿ! ತಪ್ಪು ಕಾರ್ಯದರ್ಶಿಯಾದ ನನ್ನದೇ ಎಂದು ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ಪೇಟೆಯ ರಿಪೇರಿಯವರಿಗೆ ಫೋನು ಮಾಡಿದೆ. "ತಂದುಕೊಡಿ ಸಾರ್, ಫಾರ್ಮ್ಯಾಟ್ ಹೊಡೆದು ಹೊಸ ವಿಂಡೋಸ್ ಹಾಕಿಕೊಡುತ್ತೇನೆ" ಎಂದರು. ಈ ಮಾತು ಕೇಳಿದೊಡನೆ ನನಗೆ ನಮ್ಮ ಸದಸ್ಯರೊಬ್ಬರ ಪ್ರಕರಣ ನೆನಪಾಗಿ ಎದೆ ಝಲ್ಲೆಂದಿತು.

ಆ ಸದಸ್ಯರ ಮನೆಯಲ್ಲಿ ಮಳೆ ಲೆಕ್ಕ ಬರೆಯುವ ಪದ್ಧತಿ ತಂದೆಯವರ ಕಾಲದಿಂದ ಬಂದದ್ದು. 1968ರಿಂದ 2011ರವರೆಗಿನ ಲೆಕ್ಕ ಉದ್ದನೆಯ ಪುಸ್ತಕಗಳಲ್ಲಿ ಪೆಟ್ಟಿಗೆಯೊಳಗಿದೆ. 2012ರಿಂದ ಈಚಿನದನ್ನು ಇವರು ಲ್ಯಾಪ್‌ಟಾಪಿನಲ್ಲಿ ಮಾತ್ರ ಇಟ್ಟಿದ್ದರು. ಅದರ ಜೊತೆಗೆ ಕೊಳೆರೋಗಕ್ಕೆ ಬೋರ್ಡೋ ಹೊಡೆದ ದಿನಗಳು, ಆಳುಗಳ ಹಾಜರಿ, ಯುರೋಪಿನ 2023ರ ಅರಣ್ಯನಾಶ ತಡೆ ನಿಯಮಕ್ಕಾಗಿ ಗುರುತಿಸಿದ ಕಾಫಿ ತೋಟದ ಗಡಿ, ತೀರಿಹೋದ ತಾಯಿಯ ಕೊನೆಯ ದೀಪಾವಳಿಯ ಚಿತ್ರಗಳು. ಒಂದು ದಿನ ಲ್ಯಾಪ್‌ಟಾಪು ನೀಲಿ ಪರದೆ ತೋರಿಸಿ ನಿಂತಿತು. ಪೇಟೆಗೆ ಕೊಟ್ಟರು. ಎರಡು ದಿನಕ್ಕೆ ಹೊಸದರಂತೆ ಓಡುತ್ತಾ ಬಂತು. ಒಳಗೆ ಏನೂ ಇರಲಿಲ್ಲ. ರಿಪೇರಿಯವರನ್ನು ಬೈದು ಪ್ರಯೋಜನವಿಲ್ಲ. "ಕಂಪ್ಯೂಟರು ಸರಿಮಾಡಿಕೊಡಿ" ಎಂದು ಹೇಳಿದ್ದರು, ಸರಿಮಾಡಿಕೊಟ್ಟರು. "ಒಳಗಿನದನ್ನು ಉಳಿಸಿಕೊಡಿ" ಎಂದು ಯಾರೂ ಹೇಳಿರಲಿಲ್ಲ. ನೀಲಿ ಪರದೆ ಬಂದ ದಿನ ಆ ಫೈಲುಗಳು ಬಹುಮಟ್ಟಿಗೆ ಸುರಕ್ಷಿತವಾಗಿಯೇ ಇದ್ದವು. ಅವು ಹೋದದ್ದು ರಿಪೇರಿಯಲ್ಲಿ.

ಆದ್ದರಿಂದ ಈ ಬಾರಿ ಇದೇ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಬಾಗಿಲು ಬೇರೆ, ಅಟ್ಟ ಬೇರೆ

ಕಂಪ್ಯೂಟರು ಎಂಬುದು ಒಂದೇ ವಸ್ತುವಲ್ಲ. ಗೋಡೆಯ ಕರೆಂಟನ್ನು ಇಳಿಸಿ ಒಳಗೆ ಹಂಚುವ ಪವರ್ ಸಪ್ಲೈ, ಎಲ್ಲವನ್ನೂ ಜೋಡಿಸುವ ಮದರ್‌ಬೋರ್ಡು, ಕೆಲಸದ ಹೊತ್ತಿನಲ್ಲಿ ಮಾತ್ರ ನೆನಪಿಟ್ಟುಕೊಂಡು ಕರೆಂಟು ಹೋದೊಡನೆ ಮರೆತುಬಿಡುವ ರ‍್ಯಾಮ್ ಪಟ್ಟಿ, ಮತ್ತು ಕರೆಂಟಿಲ್ಲದಾಗಲೂ ಬರೆದದ್ದನ್ನು ಹಿಡಿದಿಟ್ಟುಕೊಳ್ಳುವ ಡಿಸ್ಕು. ನಿಮ್ಮ ಲೆಕ್ಕ, ಪತ್ರ, ಚಿತ್ರ ಎಲ್ಲವೂ ಇರುವುದು ಈ ಡಿಸ್ಕಿನಲ್ಲಿ ಮಾತ್ರ. ವಿಂಡೋಸ್ ಎಂಬ ವ್ಯವಸ್ಥೆಯೂ ಅದೇ ಡಿಸ್ಕಿನಲ್ಲಿ ಒಂದು ಕಡೆ ಕೂತಿರುತ್ತದೆ.

ಮನೆಯ ಮುಂಬಾಗಿಲಿನ ಬೀಗ ಕೆಟ್ಟಿತೆಂದು ಅಟ್ಟದ ಮೇಲಿನ ಚಾಲಿ ಅಡಿಕೆ ಹಾಳಾಗುವುದಿಲ್ಲ. ಹಿಂಬಾಗಿಲಿನಿಂದ ಒಳಗೆ ಹೋಗಬಹುದು, ಹೆಂಚು ತೆಗೆದಾದರೂ ಇಳಿಯಬಹುದು. ಪವರ್ ಸಪ್ಲೈ ಸುಟ್ಟರೂ, ಬೋರ್ಡು ಹೋದರೂ, ವಿಂಡೋಸ್ ಕೆಟ್ಟರೂ ಕೆಟ್ಟದ್ದು ಬಾಗಿಲು. ಅಟ್ಟವೇ ಕುಸಿದರೆ, ಅಂದರೆ ಡಿಸ್ಕೇ ಕೆಟ್ಟರೆ, ಆಗ ಮಾತ್ರ ಕೆಲಸ ಕಷ್ಟ. ಫಾರ್ಮ್ಯಾಟ್ ಎಂಬುದು ಬಾಗಿಲು ತೆರೆಯಲಿಲ್ಲವೆಂದು ಮನೆಯನ್ನೇ ಕೆಡವಿ ಹೊಸದಾಗಿ ಕಟ್ಟಿದಂತೆ.

2024ರ ಜುಲೈ 19ರಂದು ಜಗತ್ತಿನಾದ್ಯಂತ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತದ್ದು ಪತ್ರಿಕೆಗಳಲ್ಲಿ ಬಂದಿತ್ತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳುಹಿಸಿದ ಒಂದು ದೋಷಯುಕ್ತ ಫೈಲು ಇದಕ್ಕೆ ಕಾರಣ. ಮೈಕ್ರೋಸಾಫ್ಟ್‌ನ ಅಂದಾಜಿನಂತೆ ಸುಮಾರು 85 ಲಕ್ಷ ಯಂತ್ರಗಳು ಹೀಗೆ ನಿಂತವು. ಅವುಗಳಲ್ಲಿದ್ದ ದಾಖಲೆಗಳು ಮಾತ್ರ ಇದ್ದಲ್ಲೇ ಇದ್ದವು. ಸೇಫ್ ಮೋಡಿನಲ್ಲಿ ಒಳಹೊಕ್ಕು ಆ ಒಂದು ಫೈಲನ್ನು ಅಳಿಸಿದರೆ ಯಂತ್ರ ಎದ್ದು ಕೂರುತ್ತಿತ್ತು. ಏಳದಿರುವುದಕ್ಕೂ ಕಳೆದುಹೋಗುವುದಕ್ಕೂ ಸಂಬಂಧ ಎಷ್ಟು ಕಡಿಮೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಮೊದಲು ಲಕ್ಷಣ ನೋಡಿ

ಎಲೆ ಹಳದಿಯಾದೊಡನೆ ಔಷಧಿ ಹೊಡೆಯುವವರು ನಾವಲ್ಲ. ಬುಡ ನೋಡುತ್ತೇವೆ, ಬೇರು ನೋಡುತ್ತೇವೆ. ಇಲ್ಲಿಯೂ ಹಾಗೆಯೇ.

ದೀಪವಿಲ್ಲ, ಫ್ಯಾನಿಲ್ಲ ಎಂದರೆ ಕರೆಂಟಿನ ದೋಷ. ಪ್ಲಗ್ಗು, ಯುಪಿಎಸ್, ಕೇಬಲು, ಲ್ಯಾಪ್‌ಟಾಪಾದರೆ ಚಾರ್ಜರು, ಇವನ್ನು ಬದಲಾಯಿಸಿ ನೋಡಿ. ಆಮೇಲೆ ಪ್ಲಗ್ಗು ಕಿತ್ತು (ಲ್ಯಾಪ್‌ಟಾಪಿನಲ್ಲಿ ಬಿಚ್ಚಲು ಬರುವ ಬ್ಯಾಟರಿಯಿದ್ದರೆ ಅದನ್ನೂ ತೆಗೆದು) ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಜೋಡಿಸಿ. ನಗಬೇಡಿ, ಎಷ್ಟೋ ಲ್ಯಾಪ್‌ಟಾಪುಗಳು ಇಷ್ಟರಿಂದಲೇ ಏಳುತ್ತವೆ.

ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪು, ಬೀಪ್ ಬೀಪ್ ಎಂಬ ಸದ್ದು ಬರುತ್ತದೆ ಎಂದರೆ ಬಹಳ ಸಲ ರ‍್ಯಾಮ್ ಪಟ್ಟಿ ಸಡಿಲವಾಗಿರುತ್ತದೆ, ಅಥವಾ ಅದರ ಹಲ್ಲುಗಳಿಗೆ ಕಿಲುಬು ಹಿಡಿದಿರುತ್ತದೆ. ನಮ್ಮ ಮಳೆಗಾಲದ ಥಂಡಿಗೆ ಇದು ಸಾಮಾನ್ಯ. ಬಿಚ್ಚಿ, ಒಣಬಟ್ಟೆಯಿಂದ ಹಗುರಾಗಿ ಒರೆಸಿ, ಗಟ್ಟಿಯಾಗಿ ಕೂರಿಸಬೇಕು. ಹಳೆಯ ಯಂತ್ರಗಳಲ್ಲಿ ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್ಲು ತೀರಿದರೆ ತಾರೀಕು ಹಿಂದಕ್ಕೆ ಹೋಗಿ ಕೆಲವು ಹೊಂದಾಣಿಕೆಗಳು ಅಳಿಸಿಹೋಗುತ್ತವೆ. ಅದರಿಂದಲೂ ಯಂತ್ರ ಏಳದಿರಬಹುದು. ಸಿಆರ್ 2032 ಎಂಬ ಆ ಸೆಲ್ಲು ವಾಚಿನ ಅಂಗಡಿಯಲ್ಲಿ ಸಿಗುತ್ತದೆ.

ಕಂಪನಿಯ ಗುರುತು ಬಂದು, ಚುಕ್ಕಿಗಳು ಸುತ್ತುತ್ತಲೇ ಇದ್ದರೆ, ಅಥವಾ ನೀಲಿ ಪರದೆ ಬಂದರೆ, ವಿಂಡೋಸ್ ಕೆಟ್ಟಿರುವ ಸಂಭವ ಹೆಚ್ಚು. "ಬೂಟ್ ಮಾಡುವ ಡಿಸ್ಕು ಇಲ್ಲ" ಎಂಬ ಅರ್ಥದ ಸಾಲು ಬಂದರೆ, ಮೊದಲು ಪೆನ್ ಡ್ರೈವೇನಾದರೂ ಸಿಕ್ಕಿಸಿಕೊಂಡೇ ಇದೆಯೇ ನೋಡಿ. ಯಂತ್ರ ಅದರಿಂದ ಏಳಲು ಪ್ರಯತ್ನಿಸುತ್ತಿರಬಹುದು. ಅದಲ್ಲವಾದರೆ ಡಿಸ್ಕಿನ ಕೇಬಲು ಸಡಿಲವಾಗಿರಬೇಕು, ಇಲ್ಲವೇ ಡಿಸ್ಕೇ ಕೆಟ್ಟಿರಬೇಕು. ಡಿಸ್ಕಿನಿಂದ ಟಕ್ ಟಕ್ ಎಂದು ತಾಳಬದ್ಧವಾಗಿ ಸದ್ದು ಬಂದರೆ ತಕ್ಷಣ ಪ್ಲಗ್ಗು ಕೀಳಿ. ಅದರ ವಿಷಯ ಕೊನೆಯಲ್ಲಿ ಹೇಳುತ್ತೇನೆ.

ಯಂತ್ರ ಬಿಚ್ಚುವ ಮೊದಲು ಇನ್ನೊಂದು ಕೆಲಸ. ಬೇರೆ ಕಂಪ್ಯೂಟರಿನಲ್ಲೋ ಫೋನಿನಲ್ಲೋ ನಿಮ್ಮ ಮೈಕ್ರೋಸಾಫ್ಟ್ ಖಾತೆ, ಗೂಗಲ್ ಖಾತೆಗಳನ್ನು ತೆರೆದು ನೋಡಿ. ಈಚಿನ ವಿಂಡೋಸ್‌ನಲ್ಲಿ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್‌ನಲ್ಲಿ ಇಟ್ಟದ್ದು ನಮಗೆ ಅರಿವಿಲ್ಲದೆಯೇ ಒನ್‌ಡ್ರೈವ್‌ಗೆ ಹೋಗಿರುವುದುಂಟು. ಹಾಗೆ ಸಿಕ್ಕಿದರೆ ಅರ್ಧ ಚಿಂತೆ ಕಳೆಯಿತು.

ಪೆನ್ ಡ್ರೈವಿನ ದಾರಿ

ವಿಂಡೋಸ್ ಮಾತ್ರ ಕೆಟ್ಟು ಉಳಿದೆಲ್ಲ ಸರಿಯಿದ್ದರೆ, ಯಂತ್ರವನ್ನು ಬಿಚ್ಚದೆಯೇ ಫೈಲು ತೆಗೆಯಬಹುದು. ಉಬುಂಟು ಎಂಬ ಉಚಿತ ಲಿನಕ್ಸ್ ವ್ಯವಸ್ಥೆಯನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಂಡು, ರೂಫಸ್ ಎಂಬ ಸಣ್ಣ ತಂತ್ರಾಂಶದ ಮೂಲಕ 16 ಜಿಬಿಯ ಒಂದು ಪೆನ್ ಡ್ರೈವಿಗೆ ಹಾಕಬೇಕು. ಹಾಕುವಾಗ ಆ ಪೆನ್ ಡ್ರೈವಿನಲ್ಲಿ ಮೊದಲೇ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಖಾಲಿಯದನ್ನೇ ಬಳಸಿ. ಅದನ್ನು ಕೆಟ್ಟ ಯಂತ್ರಕ್ಕೆ ಸಿಕ್ಕಿಸಿ, ಗುಂಡಿ ಒತ್ತಿದೊಡನೆ ಬೂಟ್ ಮೆನು ಕರೆಯುವ ಕೀಲಿಯನ್ನು ಬಿಡದೆ ತಟ್ಟಬೇಕು. ಅದು ಕಂಪನಿಯಿಂದ ಕಂಪನಿಗೆ ಬೇರೆ. ಕೆಲವದರಲ್ಲಿ ಎಫ್ 12, ಕೆಲವದರಲ್ಲಿ ಎಫ್ 9, ಕೆಲವದರಲ್ಲಿ ಎಸ್ಕೇಪ್. ಪಟ್ಟಿಯಲ್ಲಿ ಪೆನ್ ಡ್ರೈವನ್ನು ಆರಿಸಿದರೆ ಉಬುಂಟು ಏಳುತ್ತದೆ. ಅಲ್ಲಿ "ಟ್ರೈ" ಎಂದೂ "ಇನ್‌ಸ್ಟಾಲ್" ಎಂದೂ ಎರಡು ಆಯ್ಕೆ ಕೇಳುತ್ತದೆ. ಟ್ರೈ ಎಂಬುದನ್ನೇ ಒತ್ತಿ. ಇನ್‌ಸ್ಟಾಲ್ ಒತ್ತಿ ಮುಂದುವರಿದರೆ ಇಡೀ ಡಿಸ್ಕು ಬರಿದಾಗಬಹುದು.

ಟ್ರೈ ಒತ್ತಿದಾಗ ಉಬುಂಟು ನಿಮ್ಮ ಡಿಸ್ಕಿನಲ್ಲಿ ಏನನ್ನೂ ಬರೆಯದೆ ಪೆನ್ ಡ್ರೈವಿನಿಂದಲೇ ನಡೆಯುತ್ತದೆ. ಫೈಲುಗಳ ಕಿಟಕಿ ತೆರೆದರೆ ವಿಂಡೋಸ್ ಡಿಸ್ಕು ಕಾಣುತ್ತದೆ. ಅದರೊಳಗೆ ಯೂಸರ್ಸ್ ಎಂಬ ಫೋಲ್ಡರು, ಅದರೊಳಗೆ ನಿಮ್ಮ ಹೆಸರು, ಅದರೊಳಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್. ಇವನ್ನು ಹೊರಗಿನ ಇನ್ನೊಂದು ಡಿಸ್ಕಿಗೆ ನಕಲು ಮಾಡಿ. ಕತ್ತರಿಸಿ ಅಂಟಿಸುವುದು ಬೇಡ, ನಕಲು ಮಾತ್ರ. ಲೆಕ್ಕದ ತಂತ್ರಾಂಶದ ದತ್ತಾಂಶ ಸಾಮಾನ್ಯವಾಗಿ ಇಲ್ಲಿರದೆ ತನ್ನದೇ ಬೇರೆ ಫೋಲ್ಡರಿನಲ್ಲಿರುತ್ತದೆ. ಯಂತ್ರ ಸರಿಯಿರುವಾಗಲೇ ಆ ಜಾಗ ಯಾವುದೆಂದು ನೋಡಿ, ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ.

ವಿಂಡೋಸ್ ತಾನಾಗಿ "ರಿಸೆಟ್ ದಿಸ್ ಪಿಸಿ" ಎಂಬ ಸಲಹೆ ಕೊಡುವುದುಂಟು. ಅದರಲ್ಲಿ "ಕೀಪ್ ಮೈ ಫೈಲ್ಸ್" ಎಂಬ ಆಯ್ಕೆಯನ್ನು ನಂಬಿ ಒತ್ತಿದರೆ ಯೂಸರ್ಸ್‌ನೊಳಗಿನ ಸ್ವಂತ ಫೈಲುಗಳು ಉಳಿದಾವು. ಹೊರಗಿನಿಂದ ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ, ಅವುಗಳ ಫೋಲ್ಡರಿನಲ್ಲಿದ್ದ ಲೆಕ್ಕವೂ ಹೋದೀತು. ನಕಲು ತೆಗೆದ ಮೇಲೆ ಏನು ಬೇಕಾದರೂ ಒತ್ತಿ.

ಡಿಸ್ಕನ್ನೇ ಕಳಚುವುದು

ನಮ್ಮ ಕಚೇರಿಯಲ್ಲಿ ಕರೆಂಟೇ ಇಲ್ಲದ್ದರಿಂದ ಪೆನ್ ಡ್ರೈವಿನ ದಾರಿ ನಡೆಯಲಿಲ್ಲ. ಪ್ಲಗ್ಗು ಕಿತ್ತು, ಪೆಟ್ಟಿಗೆಯ ಕಬ್ಬಿಣವನ್ನು ಒಮ್ಮೆ ಮುಟ್ಟಿ (ಮೈಯ ಸ್ಥಿರ ವಿದ್ಯುತ್ತು ಇಳಿಯಲಿ ಎಂದು), ಪಕ್ಕದ ತಗಡು ತೆಗೆದೆವು. ಡಿಸ್ಕಿಗೆ ಎರಡು ಕೇಬಲುಗಳಿರುತ್ತವೆ, ಒಂದು ಕರೆಂಟಿನದು, ಇನ್ನೊಂದು ಮಾಹಿತಿಯದು. ಎರಡನ್ನೂ ಎಳೆದು ನಾಲ್ಕು ತಿರುಪು ಬಿಚ್ಚಿದರೆ ಡಿಸ್ಕು ಕೈಗೆ ಬರುತ್ತದೆ. ಇದನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೇಜಿನ ಕಂಪ್ಯೂಟರಿನ ದೊಡ್ಡ ಡಿಸ್ಕಿಗೆ, ಅಂದರೆ ಮೂರೂವರೆ ಇಂಚಿನದಕ್ಕೆ, ಪ್ರತ್ಯೇಕ ಕರೆಂಟು ಕೊಡುವ ಅಡಾಪ್ಟರೇ ಆಗಬೇಕು. ಹಳೆಯ ಲ್ಯಾಪ್‌ಟಾಪಿನ ಎರಡೂವರೆ ಇಂಚಿನದಕ್ಕೆ ಯುಎಸ್‌ಬಿಯ ಕರೆಂಟು ಸಾಕು. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ಚ್ಯೂಯಿಂಗ್ ಗಮ್ಮಿನ ಪಟ್ಟಿಯಂತೆ ತೆಳ್ಳಗಿರುತ್ತದೆ. ಅದಕ್ಕೆ ಎಂ.2 ಎಂಬ ಬೇರೆ ಗೂಡು ಬೇಕು, ಅದರಲ್ಲೂ ಎರಡು ಜಾತಿ. ಡಿಸ್ಕಿನ ಚಿತ್ರ ತೆಗೆದುಕೊಂಡು ಹೋಗಿ ಅಂಗಡಿಯಲ್ಲಿ ತೋರಿಸುವುದೇ ಸರಿ. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ಡಿಸ್ಕನ್ನು ಬೋರ್ಡಿಗೇ ಬೆಸೆದುಬಿಟ್ಟಿರುತ್ತಾರೆ. ಅಂಥದ್ದರಲ್ಲಿ ಬೋರ್ಡು ಹೋದರೆ ಹಿಂಬಾಗಿಲೂ ಇಲ್ಲ, ಕೊಳ್ಳುವಾಗಲೇ ಕೇಳಿಕೊಳ್ಳಿ.

ನನ್ನ ಮಗಳ ಲ್ಯಾಪ್‌ಟಾಪಿಗೆ ಡಿಸ್ಕು ಜೋಡಿಸಿದೆವು. ಹೀಗೆ ಜೋಡಿಸಿದಾಗ "ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?" ಎಂದು ವಿಂಡೋಸ್ ಕೇಳುವುದುಂಟು. ಕ್ಯಾನ್ಸಲ್ ಒತ್ತಬೇಕು. ಎಷ್ಟು ಸಲ ಕೇಳಿದರೂ ಕ್ಯಾನ್ಸಲ್. "ಈ ಫೋಲ್ಡರು ತೆರೆಯಲು ನಿಮಗೆ ಅನುಮತಿಯಿಲ್ಲ" ಎಂದು ಕೇಳಿದರೆ ಮಾತ್ರ ಕಂಟಿನ್ಯೂ ಒತ್ತಬಹುದು. ಇವೆರಡನ್ನು ಅದಲು ಬದಲು ಮಾಡಿಕೊಳ್ಳಬೇಡಿ, ಮಾರಾಯ್ರೆ.

ಒಂದು ಗಂಟೆಯೊಳಗೆ ಸಂಘದ ಲೆಕ್ಕವೆಲ್ಲ ಹೊರಗೆ ಬಂತು, ಆ 17 ದಿನದ್ದೂ ಸೇರಿ. ಅನಂತರವೇ ಪೆಟ್ಟಿಗೆಯನ್ನು ಪೇಟೆಗೆ ಕಳುಹಿಸಿದ್ದು, ಡಿಸ್ಕನ್ನು ಕಚೇರಿಯಲ್ಲೇ ಇಟ್ಟುಕೊಂಡು. ಸುಟ್ಟದ್ದು ಪವರ್ ಸಪ್ಲೈ ಒಂದೇ. ಬಿಚ್ಚಿದಾಗ ಅದರೊಳಗೆ ಒಣಗಿದ ಹಲ್ಲಿಯೊಂದು ಸಿಕ್ಕಿತು. ಹೋದದ್ದು ಸಿಡಿಲಿನಿಂದಲೋ ಹಲ್ಲಿಯಿಂದಲೋ ಎಂದು ಆಡಳಿತ ಮಂಡಳಿಯ ಸಭೆಯಲ್ಲಿ ಸ್ವಲ್ಪ ಹೊತ್ತು ಚರ್ಚೆಯಾಯಿತು.

ಅಕ್ಷರ ಕೆಟ್ಟಂತೆ ಕಂಡರೆ

ಹೊರತೆಗೆದ ಮೇಲೆ ನಮಗೆ ಇನ್ನೊಂದು ಗಾಬರಿ ಕಾದಿತ್ತು. ಸಂಘದ ಹಳೆಯ ನಡಾವಳಿ, ನೋಟೀಸುಗಳನ್ನು ತೆರೆದರೆ ಕನ್ನಡವೇ ಇಲ್ಲ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಫೈಲು ಹಾಳಾಗಿರಲಿಲ್ಲ. ಹಿಂದೆ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ್ದು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಹೀಗೆ ಕಾಣುತ್ತದೆ. ಆ ಫಾಂಟು ಹಾಕಿಕೊಂಡರೆ ಕನ್ನಡ ಮರಳುತ್ತದೆ. ಯೂನಿಕೋಡಿಗೆ ಪರಿವರ್ತಿಸಿಟ್ಟರೆ ಮುಂದೆ ಈ ತೊಂದರೆಯೇ ಇಲ್ಲ. ಹೀಗೆ ಕಂಡ ಫೈಲುಗಳನ್ನು ಕೆಟ್ಟವೆಂದು ಅಳಿಸಿದವರು ನಮ್ಮಲ್ಲೇ ಇದ್ದಾರೆ, ಅದಕ್ಕಾಗಿ ಬರೆದೆ.

ಬೀಗ ಹಾಕಿದ ಡಿಸ್ಕು

ಹೊಸ ಯಂತ್ರ ಕೊಂಡವರು ಇದನ್ನು ಗಮನವಿಟ್ಟು ಓದಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತಾದ್ದರಿಂದ ಹಲವು ಮನೆಗಳಿಗೆ ವಿಂಡೋಸ್ 11ರ ಲ್ಯಾಪ್‌ಟಾಪು ಬಂದಿದೆ. ಇವುಗಳಲ್ಲಿ ಬಹಳಷ್ಟು ಯಂತ್ರಗಳು ಮೈಕ್ರೋಸಾಫ್ಟ್ ಖಾತೆಯೊಂದಿಗೆ ಮೊದಲ ಸಲ ತೆರೆದಾಗಲೇ ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕಿಕೊಳ್ಳುತ್ತವೆ. 2024ರ ಆವೃತ್ತಿಯಿಂದ ಇದು ಇನ್ನೂ ಹೆಚ್ಚು ಯಂತ್ರಗಳಿಗೆ ಬಂದಿದೆ. ಬಿಟ್‌ಲಾಕರ್ ಎಂದು ಹೆಸರು. ಕಳ್ಳನಿಂದ ರಕ್ಷಣೆಗೆ ಒಳ್ಳೆಯದೇ. ಆದರೆ ಡಿಸ್ಕನ್ನು ಕಳಚಿ ಬೇರೆಡೆ ಜೋಡಿಸಿದರೆ 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕೇಳುತ್ತದೆ. ಅದಿಲ್ಲದೆ ಮಾಲೀಕನಿಗೂ ಬಾಗಿಲು ತೆರೆಯದು, ಯಾವ ಪ್ರಯೋಗಾಲಯಕ್ಕೂ ತೆರೆಯದು.

ಈ ಕೀಲಿ ಸಾಮಾನ್ಯವಾಗಿ ಯಂತ್ರವನ್ನು ಮೊದಲು ಹೊಂದಿಸಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ನಮ್ಮ ಮನೆಗಳಲ್ಲಿ ಹೊಂದಿಸಿದವರು ಯಾರು? ರಜೆಗೆ ಬಂದ ಮಗ, ಬೆಂಗಳೂರಿನ ಅಳಿಯ, ಇಲ್ಲವೇ ಅಂಗಡಿಯ ಹುಡುಗ. ಯಂತ್ರ ತೋಟದ ಮನೆಯಲ್ಲಿ, ಕೀಲಿ ಬೆಂಗಳೂರಿನಲ್ಲಿ. ಇಂದೇ ಫೋನು ಮಾಡಿ ಆ 48 ಅಂಕಿಗಳನ್ನು ತರಿಸಿ, ಪಹಣಿ ಇಡುವ ಕಡತದಲ್ಲಿ ಬರೆದಿಡಿ. ಯಂತ್ರಕ್ಕೆ ಅಂಟಿಸಿಡಬೇಡಿ.

ಡಿಸ್ಕೇ ಕೆಟ್ಟಿದ್ದರೆ

ಹಳೆಯ ಮಾದರಿಯ ಡಿಸ್ಕಿನಲ್ಲಿ ತಟ್ಟೆಗಳು ತಿರುಗುತ್ತಿರುತ್ತವೆ, ಅವುಗಳ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಓದುವ ಮುಳ್ಳು ತೇಲುತ್ತಿರುತ್ತದೆ. ಟಕ್ ಟಕ್ ಎಂದರೆ ಆ ಮುಳ್ಳು ದಾರಿ ತಪ್ಪಿದೆ ಎಂದರ್ಥ. ಮತ್ತೆ ಮತ್ತೆ ಹಚ್ಚಿ ನೋಡಿದಷ್ಟೂ ತಟ್ಟೆ ಗೀರಿಹೋಗುತ್ತದೆ. ಮನೆಯಲ್ಲಿ ಬಿಚ್ಚಬಾರದು, ಫ್ರಿಜ್ಜಿನಲ್ಲಿಡುವ ಹಳೆಯ ಉಪಾಯವೂ ಬೇಡ. ಇದನ್ನು ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಬಲ್ಲ ದೊಡ್ಡ ಊರಿನ ಪ್ರಯೋಗಾಲಯಕ್ಕೇ ಕೊಡಬೇಕು. ಖರ್ಚು ಸಾವಿರಗಳಲ್ಲಿ, ಕೆಲವೊಮ್ಮೆ ಹತ್ತಾರು ಸಾವಿರಗಳಲ್ಲಿ. ಒಳಗಿರುವುದಕ್ಕೆ ಅಷ್ಟು ಬೆಲೆಯಿದೆಯೇ ಎಂಬುದನ್ನು ನೀವೇ ತೂಗಬೇಕು.

ಸದ್ದಿಲ್ಲ, ಆದರೆ ತೀರಾ ನಿಧಾನ, ನಡುನಡುವೆ ನಿಲ್ಲುತ್ತದೆ ಎಂದರೆ ಡಿಸ್ಕು ಸಾಯುವ ಹಾದಿಯಲ್ಲಿದೆ. ಆಗ ಮೊದಲು ಅತಿ ಮುಖ್ಯವಾದ ಫೋಲ್ಡರು, ಆಮೇಲೆ ಉಳಿದದ್ದು. ಚೆಕ್‌ಡಿಸ್ಕ್ ಎಂಬ ದುರಸ್ತಿ ಕಾರ್ಯಕ್ರಮವನ್ನು ಇಂಥ ಡಿಸ್ಕಿನ ಮೇಲೆ ಓಡಿಸಬೇಡಿ. ಅದು ಡಿಸ್ಕಿನ ಮೇಲೆಯೇ ತಿದ್ದಿ ಬರೆಯುತ್ತದೆ. ತಿಳಿದವರು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕಿನ ಪ್ರತಿಯೊಂದನ್ನು ಮೊದಲು ತೆಗೆದು, ಆ ಪ್ರತಿಯ ಮೇಲೆ ಕೆಲಸ ಮಾಡುತ್ತಾರೆ.

ಹೊಸ ಮಾದರಿಯ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲ. ಸದ್ದು ಮಾಡಿ ಎಚ್ಚರಿಸುವುದೂ ಇಲ್ಲ. ಒಂದು ದಿನ ಸುಮ್ಮನೆ ಇಲ್ಲವಾಗುತ್ತದೆ. ಇನ್ನೊಂದು ವ್ಯತ್ಯಾಸವೆಂದರೆ, ಹಳೆಯ ಡಿಸ್ಕನ್ನು ತಪ್ಪಿ ತ್ವರಿತ ಫಾರ್ಮ್ಯಾಟ್ ಮಾಡಿದರೂ ಮೇಲೆ ಬೇರೇನೂ ಬರೆಯದಿದ್ದರೆ ಟೆಸ್ಟ್‌ಡಿಸ್ಕ್, ಫೋಟೋರೆಕ್ ಮೊದಲಾದ ಉಚಿತ ತಂತ್ರಾಂಶಗಳಿಂದ ಬಹಳಷ್ಟು ಮರಳಿ ಸಿಗುವುದುಂಟು. ಎಸ್‌ಎಸ್‌ಡಿಯಾದರೋ ಅಳಿಸಿದ ಜಾಗವನ್ನು ತಾನೇ ಗುಡಿಸಿ ಶುದ್ಧ ಮಾಡಿಟ್ಟುಕೊಳ್ಳುತ್ತದೆ. ಅದರ ಮೇಲೆ ಫಾರ್ಮ್ಯಾಟ್ ಹೊಡೆದರೆ ಸಾಮಾನ್ಯವಾಗಿ ಮುಗಿಯಿತು. ನಾನು ಮೇಲೆ ಹೇಳಿದ ಸದಸ್ಯರದ್ದು ಎಸ್‌ಎಸ್‌ಡಿ.

ನೀರು ಹೊಕ್ಕ ಯಂತ್ರಕ್ಕೆ ಕರೆಂಟು ಕೊಡಲೇಬಾರದು. ಅಡಿಕೆ ಡ್ರೈಯರಿನಲ್ಲಿಟ್ಟು ಒಣಗಿಸುವ ಯೋಚನೆಯೂ ಬೇಡ. ಒಬ್ಬರು ನಿಜಕ್ಕೂ ಕೇಳಿದ್ದರು.

ಸಂಘದ ಏರ್ಪಾಡು

ಆಡಳಿತ ಮಂಡಳಿಯ ಒಪ್ಪಿಗೆಯಿಂದ ಎರಡು ಜಾತಿಯ ಅಡಾಪ್ಟರು, ಎಂ.2 ಗೂಡು, ಉಬುಂಟು ಹಾಕಿದ ಪೆನ್ ಡ್ರೈವು, ಸಣ್ಣ ತಿರುಪುಳಿಗಳ ಒಂದು ಸೆಟ್ಟು ಕಚೇರಿಯಲ್ಲಿ ತಂದಿಟ್ಟಿದೆ. ಕಂಪ್ಯೂಟರು ಏಳದಿದ್ದ ಸದಸ್ಯರು ಅದನ್ನು ಪೇಟೆಗೆ ಕೊಡುವ ಮೊದಲು ಬುಧವಾರ ಬೆಳಿಗ್ಗೆ 10ರಿಂದ 1 ಗಂಟೆಯೊಳಗೆ ಇಲ್ಲಿಗೆ ತರಬಹುದು. ಫೈಲು ತೆಗೆದುಕೊಡಲು ಶುಲ್ಕವಿಲ್ಲ. ತುಂಬಿಸಿಕೊಂಡು ಹೋಗಲು ಖಾಲಿ ಡಿಸ್ಕು ನೀವೇ ತರಬೇಕು. ಯಂತ್ರದ ಪಾಸ್‌ವರ್ಡು ಮತ್ತು ಬಿಟ್‌ಲಾಕರ್ ಕೀಲಿ ಬರೆದುಕೊಂಡು ಬನ್ನಿ. ಲ್ಯಾಪ್‌ಟಾಪಾದರೆ ಚಾರ್ಜರನ್ನೂ ತನ್ನಿ. ಕಳೆದ ವಾರ ಬಂದ ಮೂವರಲ್ಲಿ ಇಬ್ಬರು ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು.

– ಕಾರ್ಯದರ್ಶಿ